ಕಿರಣ ನಡೆದ ದಾರಿಯ ಗಾಯ

1895ರ ನವೆಂಬರಿನಲ್ಲಿ ಜರ್ಮನಿಯ ವುರ್ಟ್ಸ್‌ಬರ್ಗಿನಲ್ಲಿ ರಾಂಟ್‌ಗೆನ್ ಮಹಾಶಯನು ಕ್ಷಕಿರಣವನ್ನು ಕಂಡು ಹೆಚ್ಚು ಕಾಲ ಕಳೆಯುವ ಮೊದಲೇ ವೈದ್ಯರು ಅದನ್ನು ಅರ್ಬುದಗಳ ಮೇಲೆ ಪ್ರಯೋಗಿಸತೊಡಗಿದರು. ಆ ಆದಿಕಾಲದ ಕಿರಣಗಳು ಮೃದುವಾಗಿದ್ದುದರಿಂದ ಅವುಗಳ ಪ್ರಕೋಪವು ಬಹುಮಟ್ಟಿಗೆ ಚರ್ಮದಲ್ಲಿಯೇ ತೀರಿಹೋಗುತ್ತಿತ್ತು. ತಾಮ್ರದ ತಗಡಿನಿಂದ ಸೋಸಿದ ಕಠಿನ ಕಿರಣಗಳು ಬಳಕೆಗೆ ಬಂದು, ಚರ್ಮವನ್ನು ಉಳಿಸಿ ಒಳಗಿನ ಗೆಡ್ಡೆಯನ್ನು ಮುಟ್ಟುವ ಸಾಮರ್ಥ್ಯವು ದೊರೆತ ಮೇಲೆ, ಅದರ ಬೆಲೆಯನ್ನು ತೆರುವ ಸರದಿ ಶ್ವಾಸಕೋಶಕ್ಕೆ ಬಂದಿತು. 1922ರಲ್ಲಿ ಅಮೆರಿಕದ ಗ್ರೂವರ್, ಕ್ರಿಸ್ಟಿ, ಮೆರಿಟ್ ಎಂಬ ಮೂವರು ಕಿರಣದಿಂದ ಶ್ವಾಸಕೋಶಕ್ಕಾಗುವ ಈ ವಿಕಾರವನ್ನು ವರ್ಣಿಸಿದರು. 1925ರಲ್ಲಿ ಇವಾನ್ಸ್ ಮತ್ತು ಲ್ಯೂಕುಶಿಯ ಎಂಬವರು ಮೊದಲು ಬರುವ ಉರಿಯೂತವನ್ನೂ ತರುವಾಯ ನೆಲೆಸುವ ನಾರುಗಟ್ಟುವಿಕೆಯನ್ನೂ ಬೇರ್ಪಡಿಸಿ ತೋರಿಸಿದರು.

ಈ ಗಾಯದ ಕಪಟವಿರುವುದು ಅದರ ವಿಳಂಬದಲ್ಲಿ. ಕಿರಣ ತಾಕಿದ ದಿನ ರೋಗಿಗೆ ಏನೂ ಅನಿಸದು; ಗಾಳಿಗೂಡುಗಳ ಒಳಪದರದ ಜೀವಕೋಶಗಳೂ ಸೂಕ್ಷ್ಮ ರಕ್ತನಾಳಗಳ ಗೋಡೆಗಳೂ ಮೌನವಾಗಿ ಕೆಡುತ್ತಿದ್ದು, ಒಂದೆರಡು ತಿಂಗಳ ಮೇಲೆ ಒಣಕೆಮ್ಮು, ಏದುಸಿರು, ಸಣ್ಣ ಜ್ವರಗಳ ರೂಪದಲ್ಲಿ ಉರಿಯೂತವು ಪ್ರಕಟವಾಗುತ್ತದೆ. ಸ್ಟೀರಾಯ್ಡ್ ಔಷಧಗಳಿಗೆ ಅದು ಸಾಮಾನ್ಯವಾಗಿ ಮಣಿಯುತ್ತದೆ. ಆದರೆ ಅನಂತರದ ತಿಂಗಳುಗಳಲ್ಲಿ ಗಟ್ಟಿಗೊಳ್ಳುವ ನಾರು ಯಾವ ಔಷಧಕ್ಕೂ ಕರಗಿ ಮತ್ತೆ ಮೆತ್ತನೆಯ ಶ್ವಾಸಕೋಶವಾಗಲಾರದು.

ನಾರಿಗೆ ಮದ್ದಿಲ್ಲವಾದ್ದರಿಂದ ಉಳಿದ ದಾರಿ ಗಾಯವನ್ನೇ ಕಿರಿದಾಗಿಸುವುದು; ಅದರ ಸುಳಿವು ಮಿದುಳಿನ ಚಿಕಿತ್ಸೆಯಿಂದ ಬಂದಿತು. ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ 1951ರಲ್ಲಿ, ತಲೆಬುರುಡೆಗೆ ಚೌಕಟ್ಟನ್ನು ಬಿಗಿದು, ಅನೇಕ ದಿಕ್ಕುಗಳ ಕಿರಣಗಳನ್ನು ಒಂದೇ ಬಿಂದುವಿನಲ್ಲಿ ಕೂಡಿಸುವ ಉಪಾಯವನ್ನು ಮುಂದಿಟ್ಟನು. ಮಿದುಳು ನಿಶ್ಚಲ, ಶ್ವಾಸಕೋಶವಾದರೋ ಪ್ರತಿ ಉಸಿರಿಗೂ ಚಲಿಸುವಂಥದು. ಸ್ಟಾಕ್‌ಹೋಮಿನ ಕರೋಲಿನ್ಸ್ಕ ಆಸ್ಪತ್ರೆಯಲ್ಲಿ ಲಾಕ್ಸ್ ಮತ್ತು ಬ್ಲೋಮ್‌ಗ್ರೆನ್ ಎಂಬವರು ರೋಗಿಯ ದೇಹವನ್ನು ನಿರ್ವಾತ ದಿಂಬಿನಲ್ಲಿ ಹುದುಗಿಸಿ, ವಪೆಯ ಓಲಾಟ ತಗ್ಗುವಂತೆ ಹೊಟ್ಟೆಯನ್ನು ಅದುಮಿ, 1991ರಿಂದ ದೇಹದೊಳಗಿನ ಗೆಡ್ಡೆಗಳಿಗೂ ಆ ಉಪಾಯವನ್ನು ಅನ್ವಯಿಸಿದರು. ವಾರಗಟ್ಟಲೆ ಹಂಚುತ್ತಿದ್ದ ಕಿರಣವನ್ನು ಕೆಲವೇ ಸರದಿಗಳಲ್ಲಿ, ಒಂದೊಂದಕ್ಕೂ ಪ್ರಚಂಡ ಪ್ರಮಾಣದಲ್ಲಿ, ಕೊಡುವುದು ಇದರಿಂದ ಸಾಧ್ಯವಾಯಿತು.

ಗಾಯವು ಸಣ್ಣದಾಯಿತು, ಇಲ್ಲವಾಗಲಿಲ್ಲ. ಅಮೆರಿಕದ ಇಂಡಿಯಾನದಲ್ಲಿ ಟಿಮ್ಮರ್‌ಮನ್ ಮತ್ತು ಸಂಗಡಿಗರು, ಶಸ್ತ್ರಚಿಕಿತ್ಸೆಯನ್ನು ತಾಳಲಾರದ, ಶ್ವಾಸಕೋಶದ ಅರ್ಬುದವುಳ್ಳ 70 ರೋಗಿಗಳಿಗೆ ಮೂರು ಸರದಿಗಳಲ್ಲಿ 60ರಿಂದ 66 ಗ್ರೇ ಮಾನದ ಕಿರಣವನ್ನು ಕೊಟ್ಟು, 2006ರಲ್ಲಿ ಪ್ರಕಟಿಸಿದ ವರದಿಯನ್ನು ಈ ಇತಿಹಾಸದ ಅತ್ಯಂತ ಪ್ರಾಮಾಣಿಕ ಪತ್ರವೆಂದು ನಾನು ಎಣಿಸುತ್ತೇನೆ. ಗೆಡ್ಡೆ ಶ್ವಾಸಕೋಶದ ಅಂಚಿನಲ್ಲಿದ್ದವರಲ್ಲಿ ಶೇಕಡಾ 83 ಮಂದಿ ಎರಡು ವರ್ಷ ತೀವ್ರ ಹಾನಿಯಿಲ್ಲದೆ ಉಳಿದರೆ, ನಡುವಣ ಶ್ವಾಸನಾಳಗಳ ಬಳಿಯಿದ್ದವರಲ್ಲಿ ಹಾಗೆ ಉಳಿದವರು ಶೇಕಡಾ 54 ಮಾತ್ರ. ಆರು ಮರಣಗಳಿಗೆ ಚಿಕಿತ್ಸೆಯೇ ಕಾರಣವಿರಬಹುದೆಂದು ಅವರು ಮರೆಮಾಚದೆ ಬರೆದರು. ಅಂಚಿನಲ್ಲಿ ಒಂದಷ್ಟು ಭಾಗ ನಾರಾದರೂ ಉಸಿರಾಟ ನಡೆದೀತು. ಬುಡದ ನಾಳವೇ ಮುಚ್ಚಿಕೊಂಡರೆ ಅದರಾಚೆಯದೆಲ್ಲವೂ ಬರಡಾಗುತ್ತದೆ, ಮರದ ಕೊಂಬೆಯನ್ನು ಬುಡದಲ್ಲಿ ಕಡಿದಂತೆ. ಆ ನಾಳಗಳ ಸುತ್ತಣ ಎರಡು ಸೆಂಟಿಮೀಟರಿನ ವಲಯವು ಅಂದಿನಿಂದ ಇಂಥ ಪ್ರಮಾಣಗಳಿಗೆ ನಿಷಿದ್ಧವೆನಿಸಿ, ಅಲ್ಲಿ ಸರದಿಗಳನ್ನು ಹೆಚ್ಚಿಸಿ ಒಂದೊಂದರ ಪ್ರಮಾಣವನ್ನು ಇಳಿಸುವ ಪದ್ಧತಿ ಬೆಳೆಯಿತು.

ಹಳೆಯ ಚಿಕಿತ್ಸೆಯ ಗಾಯವು ಎದೆಯ ಚಿತ್ರದಲ್ಲಿ ನೇರವಾದ ಅಂಚುಗಳಿಂದ ತನ್ನ ಮೂಲವನ್ನು ತಾನೇ ಹೇಳುತ್ತಿತ್ತು. ಹೊಸದರ ಗಾಯವಾದರೋ ಗೆಡ್ಡೆಯಿದ್ದ ತಾಣದಲ್ಲಿಯೇ ಗೆಡ್ಡೆಯಂತೆ ಉಬ್ಬಿ, ವರ್ಷಗಳವರೆಗೂ ರೂಪ ಬದಲಿಸುತ್ತಿರುವುದರಿಂದ, ರೋಗ ಮರಳಿದೆಯೋ ನಾರು ಬೆಳೆದಿದೆಯೋ ಎಂದು ತಿಳಿಯಲು ವೈದ್ಯನು ತಿಂಗಳುಗಳ ಅಂತರದಲ್ಲಿ ತೆಗೆದ ಸಿ.ಟಿ. ಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಬೇಕಾಗುತ್ತದೆ. ಸಂಶಯ ತೀರದಿದ್ದರೆ, ಮೊದಲೇ ದುರ್ಬಲವಾದ ಆ ಎದೆಗೆ ಪರೀಕ್ಷೆಯ ತುಣುಕು ತೆಗೆಯಲು ಸೂಜಿ ಚುಚ್ಚಬೇಕೇ ಎಂಬುದನ್ನೂ ಅವನೇ ನಿರ್ಣಯಿಸಬೇಕು.