ಹೋಗಿ ಅಳಿಸು, ಹೋದರೆ ಅಳಿಸು

ಮಾಗಡಿ ಸೀಮೆಯ ಶಾಸನಗಳ ಮೇಲೆ ನಾನು ನಾಲ್ಕು ವರ್ಷ ಮಾಡಿಕೊಂಡಿದ್ದ ಟಿಪ್ಪಣಿಗಳು ಹೊಸಹಳ್ಳಿಯ ನಮ್ಮ ಮನೆಯಲ್ಲಿ ಒಂದು ಮಧ್ಯಾಹ್ನ ಕ್ಷಣಮಾತ್ರದಲ್ಲಿ ಇಲ್ಲವಾದವು. ತಪ್ಪು ನನ್ನದೇ. ಹೊರಗಿನ ಡಿಸ್ಕಿನಲ್ಲಿದ್ದ ಹಳೆಯ ಪ್ರತಿಗಳನ್ನು ತೆಗೆಯಲು ಗಣಕಯಂತ್ರಕ್ಕೆ ಒಂದೇ ಸಾಲಿನಲ್ಲಿ ಎರಡು ಆಜ್ಞೆ ಕೊಟ್ಟಿದ್ದೆ: ಆ ಡಿಸ್ಕಿಗೆ ಹೋಗು, ಇರುವುದನ್ನೆಲ್ಲ ಅಳಿಸು. ಡಿಸ್ಕನ್ನು ಜೋಡಿಸುವುದನ್ನೇ ಮರೆತಿದ್ದೆ. ಮೊದಲನೆಯ ಆಜ್ಞೆ ವಿಫಲವಾಯಿತು. ಯಂತ್ರ ನನ್ನ ಟಿಪ್ಪಣಿಗಳಿದ್ದ ಕಡೆಯೇ ನಿಂತಿತ್ತು. ಎರಡನೆಯ ಆಜ್ಞೆಯನ್ನು ಅಲ್ಲಿಯೇ ಚಾಚೂ ತಪ್ಪದೆ ನೆರವೇರಿಸಿತು.

ಪಕ್ಕದ ಮನೆಯ ಎಂಜಿನಿಯರ್ ಹುಡುಗ ನೋಡಿ, “ಸರ್, ನಡುವೆ ಅರ್ಧವಿರಾಮ ಹಾಕಿದ್ದೀರಿ, && ಹಾಕಬೇಕಿತ್ತು” ಎಂದ. ಜೀವಮಾನವೆಲ್ಲ ವ್ಯಾಕರಣ ಬೋಧಿಸಿದವನಿಗೆ ಲೇಖನಚಿಹ್ನೆಯ ಪಾಠ!

ಯೋಚಿಸಿದರೆ ಭೇದ ನಮ್ಮ ನುಡಿಯಲ್ಲೇ ಇದೆ. ‘ಹೋಗಿ ಅಳಿಸು’ ಎಂದರೆ ಕ್ರಮ. ‘ಹೋದರೆ ಅಳಿಸು’ ಎಂದರೆ ನಿಬಂಧನೆ. ಒಂದು ಪ್ರತ್ಯಯದಲ್ಲಿ ನಾವು ಮುಗಿಸುವುದನ್ನು ಯಂತ್ರಕ್ಕೆ ತಿಳಿಸಲು ಬಹಳ ಕಾಲ ಹಿಡಿಯಿತು. 1964ರಲ್ಲಿ ಐಬಿಎಂ ಪ್ರಕಟಿಸಿದ 360 ಶ್ರೇಣಿಯಲ್ಲಿ (ಅದರ ಒಂದು ಯಂತ್ರ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಗೂ ಬಂದಿತ್ತು) ಪ್ರತಿ ಹಂತವೂ ಮುಗಿಯುವಾಗ ಒಂದು ಅಂಕಿ ಬಿಟ್ಟುಹೋಗುತ್ತಿತ್ತು. ಆದರೆ ಅಲ್ಲಿಯ ನಿಬಂಧನೆ ತಲೆಕೆಳಗು: ಅದು ನಿಜವಾದರೆ ಮುಂದಿನ ಹಂತ ನಡೆಯುತ್ತಿರಲಿಲ್ಲ, ತಪ್ಪಿಹೋಗುತ್ತಿತ್ತು. ‘ಮಳೆ ಬಂದರೆ ಹೋಗಬೇಡ’ ಎಂಬ ಧಾಟಿಯಲ್ಲೇ ಎಲ್ಲವನ್ನೂ ನುಡಿಯಬೇಕು.

ಬೆಲ್ ಪ್ರಯೋಗಾಲಯದ ಕೆನ್ ಥಾಂಪ್ಸನ್ ಯುನಿಕ್ಸ್‌ಗಾಗಿ ಬರೆದ ಮೊದಲ ‘ಶೆಲ್’, ಅಂದರೆ ನಮ್ಮ ಆಜ್ಞೆಯನ್ನು ಓದಿ ನಡೆಸುವ ದ್ವಾರಪಾಲಕ, ಅರ್ಧವಿರಾಮವನ್ನು ಬಲ್ಲದು, && ಬಲ್ಲದು ಎನ್ನುವಂತಿಲ್ಲ. ಆ ಚಿಹ್ನೆ ಬಂದದ್ದು 1979ರಲ್ಲಿ, ಯುನಿಕ್ಸಿನ ಏಳನೆಯ ಆವೃತ್ತಿಯೊಡನೆ, ಸ್ಟೀಫನ್ ಬೋರ್ನ್ ಬರೆದ ಶೆಲ್ಲಿನಲ್ಲಿ. ಎಡಗಡೆಯದು ಸಫಲವಾದರೆ ಮಾತ್ರ ಬಲಗಡೆಯದು ನಡೆಯುತ್ತದೆ. ಅದರ ಜೊತೆಗಾರ || ವಿಫಲವಾದಾಗ ಎಚ್ಚರಗೊಳ್ಳುತ್ತದೆ.

ಸಾಫಲ್ಯದ ಗುರುತು ಸೊನ್ನೆ ಎಂದರೆ ಕೇಳುಗರು ನಗಬಹುದು. ನಮ್ಮ ತರಗತಿಗಳಲ್ಲಿ ಸೊನ್ನೆ ಬಂದವನು ಉತ್ತೀರ್ಣನಾಗಿದ್ದಿಲ್ಲ. ಇಲ್ಲಿ ಗೆಲುವು ಒಂದೇ ಬಗೆಯದು; ಸೋಲುಗಳು ಹಲವು, ಪ್ರತಿಯೊಂದನ್ನೂ ಬೇರೆಬೇರೆ ಹೆಸರಿಸಲು 1ರಿಂದ 255ರ ತನಕ ಅಂಕಿಗಳಿವೆ.

ಒಂದು ಬಲೆಯೂ ಉಂಟು. ಶೆಲ್ಲಿನಲ್ಲಿ && ಮತ್ತು || ಸಮಾನಸ್ಕಂಧರು. ‘ಹೋಗು && ಅಳಿಸು || ಎಚ್ಚರಿಸು’ ಎಂದು ಬರೆದವನು, ಹೋಗಲಾಗದಿದ್ದರೆ ಮಾತ್ರ ಎಚ್ಚರಿಕೆ ಬರುವುದೆಂದು ನಂಬುತ್ತಾನೆ. ಅಳಿಸುವುದು ವಿಫಲವಾದರೂ ಅದು ಬರುತ್ತದೆ.

ಈಗ ಎಪಿಗ್ರಾಫಿಯಾ ಕರ್ನಾಟಿಕಾದ 1905ರ ಒಂಬತ್ತನೆಯ ಸಂಪುಟವನ್ನು ಮುಂದಿಟ್ಟುಕೊಂಡು ಮಾಗಡಿ ತಾಲ್ಲೂಕಿನ ಶಾಸನಗಳನ್ನು ಮತ್ತೆ ಒಂದನೆಯದರಿಂದ ಓದುತ್ತಿದ್ದೇನೆ.