ಲ್ಯಾಪ್ ಸ್ಟೀಲ್ ಗಿಟಾರು: ಅನಾಮಿಕ ವಾದ್ಯಗಳ ಅಭಿಜ್ಞಾನ

ತೊಡೆಯ ಮೇಲೆ ಅಡ್ಡಲಾಗಿ ಇರಿಸಿಕೊಂಡು, ಎಡಗೈಯಲ್ಲಿ ಹಿಡಿದ ಉಕ್ಕಿನ ತುಂಡನ್ನು ತಂತಿಗಳ ಮೇಲೆ ಜಾರಿಸುತ್ತ ನುಡಿಸುವ ಗಿಟಾರಿಗೆ ಲ್ಯಾಪ್ ಸ್ಟೀಲ್ ಎಂದು ಹೆಸರು. ಗೋಟುವಾದ್ಯವನ್ನು ಕೇಳಿ ಬಲ್ಲವರಿಗೆ ಸ್ವರದಿಂದ ಸ್ವರಕ್ಕೆ ಎಲ್ಲಿಯೂ ಕಡಿಯದೆ ಹರಿಯುವ ಇದರ ನಾದ ಅಪರಿಚಿತವೆನಿಸದು. ಈ ವಾದನಕ್ರಮವನ್ನು 19ನೆಯ ಶತಮಾನದ ಕೊನೆಯಲ್ಲಿ ರೂಢಿಗೆ ತಂದವನು ಹವಾಯಿಯ ಜೋಸೆಫ್ ಕೆಕುಕು ಎಂಬುದು ಬಹುಜನ ಒಪ್ಪಿದ ಮಾತು. 1915ರ ಸ್ಯಾನ್ ಫ್ರಾನ್ಸಿಸ್ಕೋ ಮಹಾಪ್ರದರ್ಶನದಲ್ಲಿ ಹವಾಯಿಯ ವಾದಕರನ್ನು ಕೇಳಿ ಅಮೆರಿಕ ಮರುಳಾಯಿತು. 1932ರಲ್ಲಿ ಜಾರ್ಜ್ ಬೋಶಾಂ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್ ಇವರ ಸಂಸ್ಥೆಯಿಂದ ಎರಕದ ಅಲ್ಯೂಮಿನಿಯಮಿನ, ಆಕಾರದಿಂದ ‘ಬಾಣಲೆ’ ಎನಿಸಿಕೊಂಡ ವಿದ್ಯುತ್ ವಾದ್ಯ ಹೊರಬಂದಿತು.

ಬೇಡಿಕೆ ಬೆಳೆದಂತೆ ಒಂದೇ ಕಾರ್ಖಾನೆಯ ಸರಕು ಅಂಚೆಯ ಮೂಲಕ ಮಾರುವ ಅಂಗಡಿಗಳ ಮತ್ತು ಸಂಗೀತಶಾಲೆಗಳ ನಾನಾ ಹೆಸರುಗಳನ್ನು ಹೊತ್ತು ಮನೆಮನೆ ಸೇರಿತು. ಕ್ಲೀವ್‌ಲೆಂಡಿನ ಓವಾಹು ಪಬ್ಲಿಷಿಂಗ್ ಕಂಪನಿ ಪಾಠದ ಹಾಳೆಗಳೊಡನೆ ಮಾರಿದ ವಾದ್ಯಗಳನ್ನು ತಯಾರಿಸಿದವರು ಅನ್ಯರು. ಹೀಗಿರುವಾಗ ವಾದ್ಯದ ತಲೆಯ ಮೇಲಿನ ಹೆಸರು ಅಳಿಸಿಹೋಗಿದ್ದರೆ ನಷ್ಟ ಅಲ್ಪವೇ; ಅದು ಮಾರಿದವನ ಹೆಸರೇ ಹೊರತು ಮಾಡಿದವನದಾಗಿರಬೇಕೆಂಬ ನಿಯಮವಿರಲಿಲ್ಲ. ಮುತ್ತಿನ ಹೊಳಪಿನ ಸೆಲ್ಯುಲಾಯ್ಡ್ ಹೊದಿಕೆಯೂ ಸಾಕ್ಷ್ಯವಾಗದು, ಕ್ಯಾಲಿಫೋರ್ನಿಯದ ಮ್ಯಾಗ್ನಟೋನ್, ಷಿಕಾಗೋದ ವ್ಯಾಲ್ಕೊ ಇಬ್ಬರೂ ಅದನ್ನು ಬಳಸಿದರು.

ನಂಬತಕ್ಕದ್ದು, ತಂತಿಗಳ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್. ತಂತಿಗಳನ್ನು ಮೇಲಿನಿಂದ ಬಳಸಿನಿಂತ ಕುದುರೆಲಾಳದ ಅಯಸ್ಕಾಂತಗಳು ರಿಕನ್‌ಬ್ಯಾಕರನ ಲಕ್ಷಣ. ತಂತಿಗಳು ಪಿಕಪ್ಪಿನ ಒಡಲನ್ನೇ ಹಾದುಹೋಗಿದ್ದರೆ ವ್ಯಾಲ್ಕೊವನ್ನು ಮೊದಲು ನೆನೆಯಬೇಕು.

ಕಾಲನಿರ್ಣಯಕ್ಕೆ ಫಲಕವನ್ನು ಬಿಚ್ಚಿ, ಧ್ವನಿಯನ್ನು ಏರಿಸಿ ಇಳಿಸುವ ಪೊಟೆನ್ಷಿಯೋಮೀಟರಿನ ಬೆನ್ನನ್ನು ದೀಪದ ಬೆಳಕಿನಲ್ಲಿ ನೋಡಬೇಕು. ಅಲ್ಲಿ 1375012 ಎಂದಿದ್ದರೆ, 137 ಎಂಬುದು ಸಿ.ಟಿ.ಎಸ್. ಸಂಸ್ಥೆಯನ್ನೂ, 50 ಎಂಬುದು 1950ನೆಯ ಇಸವಿಯನ್ನೂ, 12 ಎಂಬುದು ಆ ವರ್ಷದ ಹನ್ನೆರಡನೆಯ ವಾರವನ್ನೂ ಸೂಚಿಸುತ್ತದೆ; 304 ಎಂದು ಆರಂಭವಾದರೆ ಅದು ಸ್ಟ್ಯಾಕ್‌ಪೋಲ್ ಸಂಸ್ಥೆಯದು. ಇನ್ನೂ ಹಳೆಯವುಗಳಲ್ಲಿ ಇಸವಿಗೆ ಒಂದೇ ಅಂಕೆಯಿದ್ದು, 8 ಎಂಬುದು 1938ರದೋ 1948ರದೋ ಎಂಬ ಸಂದೇಹಕ್ಕೆ ವಾದ್ಯದ ರಚನೆಯೇ ಉತ್ತರ ಹೇಳಬೇಕಾಗುತ್ತದೆ. ಈ ಅಂಕೆಗಳು ಹೇಳುವುದು ಆ ಬಿಡಿಭಾಗ ಹುಟ್ಟಿದ ಕಾಲವನ್ನು ಮಾತ್ರ. ವಾದ್ಯ ಅದಕ್ಕಿಂತ ಈಚಿನದಿರಬಹುದು, ಭಾಗವೇ ಬದಲಾಗಿದ್ದರೆ ಆಚಿನದೂ ಇರಬಹುದು. ಬದಲಾಗಿಲ್ಲವೆಂಬುದಕ್ಕೆ ಕದಡದ ಹಳೆಯ ಬೆಸುಗೆಯೇ ಮುಖ್ಯ ಪ್ರಮಾಣವಾದುದರಿಂದ, ಇಂತಹ ವಾದ್ಯ ಕೈಸೇರಿದವರು ದುರಸ್ತಿಗೆ ಕೈಹಚ್ಚುವ ಮುನ್ನ ಅಂಕೆಗಳನ್ನು ಬರೆದಿಟ್ಟು, ಒಳಭಾಗದ ಚಿತ್ರವನ್ನು ತೆಗೆದಿರಿಸಿಕೊಳ್ಳಬೇಕು.