ಹೆಡ್‌ಲೈಟ್ ಮಿಣುಕು

ಕಾರಿನ ಹೆಡ್‌ಲೈಟುಗಳು ಉರಿಯುತ್ತಿರುವಾಗಲೇ ಬೆಳಕು ಏರಿಳಿಯುವುದು, ನಡುಗುವುದು ಅಥವಾ ಕ್ಷಣಕಾಲ ಆರಿ ಮತ್ತೆ ಹತ್ತುವುದು. ಹೆಚ್ಚಿನವರು ಮೊದಲು ಬಲ್ಬ್ ಬದಲಿಸುತ್ತಾರೆ. ಆದರೆ ಹ್ಯಾಲೊಜನ್ ದೀಪವಿರುವ ಹಳೆಯ ಕಾರುಗಳಲ್ಲಿ ದೋಷ ಸಾಮಾನ್ಯವಾಗಿ ಇರುವುದು ಬಲ್ಬಿಗೆ ವಿದ್ಯುತ್ ಬಂದು ಮರಳುವ ಹಾದಿಯಲ್ಲಿ, ಅದರಲ್ಲೂ ಮರಳುವ ಹಾದಿಯಾದ ಅರ್ಥಿಂಗ್‌ನಲ್ಲಿ. ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಇದ್ದರೆ ಇದನ್ನು ಮನೆಯಲ್ಲೇ ಪತ್ತೆಮಾಡಬಹುದು.

ಹಿನ್ನೆಲೆ

ಆರಂಭದ ಕಾರುಗಳಲ್ಲಿ ಕಾರ್ಬೈಡ್‌ನಿಂದ ಹುಟ್ಟುವ ಅಸೆಟಿಲೀನ್ ಅನಿಲದ ದೀಪಗಳು ಬಳಕೆಯಲ್ಲಿದ್ದವು. 1912ರ ಕ್ಯಾಡಿಲ್ಯಾಕ್‌ನಲ್ಲಿ ವಿದ್ಯುತ್ ಸ್ಟಾರ್ಟರಿನ ಜೊತೆಗೇ ವಿದ್ಯುತ್ ದೀಪಗಳೂ ಬಂದವು. ಮುಂದೆ ದಶಕಗಳ ಕಾಲ ಕಾರುಗಳಿಗೆ ವಿದ್ಯುತ್ ಒದಗಿಸಿದ ಡೈನಮೋ, ಎಂಜಿನ್ ನಿಧಾನವಾಗಿ ತಿರುಗುವಾಗ ಸಾಕಷ್ಟು ವಿದ್ಯುತ್ ಉತ್ಪಾದಿಸುತ್ತಿರಲಿಲ್ಲ. ಹಾಗಾಗಿ ಗಾಡಿ ನಿಂತಾಗ ದೀಪ ಮಂಕಾಗುವುದನ್ನು ಆಗ ಯಾರೂ ದೋಷವೆಂದು ಎಣಿಸುತ್ತಿರಲಿಲ್ಲ. ಸಿಲಿಕಾನ್ ಡಯೋಡುಗಳು ಬಂದ ಮೇಲೆ ಅಲ್ಟರ್ನೇಟರ್ ಬಳಕೆಗೆ ಬಂತು. ಕ್ರೈಸ್ಲರ್ ಕಂಪನಿಯ 1960ರ ವ್ಯಾಲಿಯಂಟ್ ಈ ಬದಲಾವಣೆಯ ಮೊದಲ ಪ್ರಮುಖ ಕಾರುಗಳಲ್ಲೊಂದು. ಎರಡು ತಂತುಗಳ ಎಚ್4 ಹ್ಯಾಲೊಜನ್ ಬಲ್ಬ್ ಬಂದದ್ದು 1971ರಲ್ಲಿ.

ಮೊದಲ ಗುರುತುಗಳು

ಒಂದೇ ಬದಿಯ ದೀಪ ಮಿಣುಕಿದರೆ ಆ ಬದಿಯ ಹೋಲ್ಡರ್, ಕಪ್ಲರ್ ಅಥವಾ ಅರ್ಥ್ ತಂತಿಯನ್ನು ನೋಡಬೇಕು. ಎರಡೂ ಒಟ್ಟಿಗೆ ಮಿಣುಕಿದರೆ ಎರಡಕ್ಕೂ ಸಾಮಾನ್ಯವಾದ ಅರ್ಥ್, ಸ್ವಿಚ್, ರಿಲೇ, ಬ್ಯಾಟರಿ ಟರ್ಮಿನಲ್, ಅಲ್ಟರ್ನೇಟರ್ ಇವುಗಳಲ್ಲಿ ಹುಡುಕಬೇಕು. ರಸ್ತೆಯ ಉಬ್ಬಿಗೆ ಮಾತ್ರ ಮಿಣುಕುವುದು ಲೂಸ್ ಕಾಂಟ್ಯಾಕ್ಟ್. ಎಚ್4 ದೀಪದಲ್ಲಿ ಡಿಪ್ ಹಾಕಿದಾಗ ಎರಡೂ ತಂತುಗಳು ಮಂಕಾಗಿ ಹೊಳೆದರೆ ಅರ್ಥ್ ಕಡಿದಿದೆ ಎಂದೇ ಬಹುಮಟ್ಟಿಗೆ ಹೇಳಬಹುದು: ಹಿಂತಿರುಗುವ ದಾರಿ ಮುಚ್ಚಿದಾಗ ವಿದ್ಯುತ್ ಇನ್ನೊಂದು ತಂತುವಿನ ಮೂಲಕ ದಾರಿ ಹುಡುಕುತ್ತದೆ. ಎ.ಸಿ. ಅಥವಾ ರೇಡಿಯೇಟರ್ ಫ್ಯಾನ್ ಚಾಲೂ ಆದ ಕ್ಷಣದಲ್ಲಿ ಬೆಳಕು ತುಸು ಕುಗ್ಗಿ ಸರಿಹೋಗುವುದು ಸಹಜ.

ಅರ್ಥಿಂಗ್ ಮತ್ತು ವೋಲ್ಟೇಜ್ ನಷ್ಟ

ಹ್ಯಾಲೊಜನ್ ದೀಪದ ಬೆಳಕು ವೋಲ್ಟೇಜಿನ ಸುಮಾರು 3.4ನೆಯ ಘಾತಕ್ಕೆ ಅನುಗುಣವಾಗಿ ಬದಲಾಗುತ್ತದೆ. ವೋಲ್ಟೇಜ್ ಶೇ. 10ರಷ್ಟು ಇಳಿದರೆ ಬೆಳಕು ಹೆಚ್ಚುಕಡಿಮೆ ಶೇ. 30ರಷ್ಟು ಹೋಗುತ್ತದೆ. 55 ವಾಟಿನ ಎರಡು ದೀಪಗಳು ಸೇರಿ ಸುಮಾರು 9 ಆಂಪಿಯರ್ ಎಳೆಯುತ್ತವೆ. ಎರಡಕ್ಕೂ ಸಾಮಾನ್ಯವಾದ ಅರ್ಥ್ ಬೋಲ್ಟಿನಡಿ ತುಕ್ಕು ಕೂತು 0.1 ಓಮ್ ಪ್ರತಿರೋಧ ಹುಟ್ಟಿತೆನ್ನೋಣ. ಅಲ್ಲೇ 0.9 ವೋಲ್ಟ್ ನಷ್ಟವಾಗಿ ಬೆಳಕಿನ ಐದನೆಯ ಒಂದು ಭಾಗ ಹೋಗುತ್ತದೆ; ಜೊತೆಗೆ ಆ ಕೂಡಿಕೆಯಲ್ಲಿ 8 ವಾಟಿನಷ್ಟು ಶಾಖ ಹುಟ್ಟುತ್ತದೆ. ಶಾಖದಿಂದ ತುಕ್ಕು ಬೆಳೆಯುತ್ತದೆ, ತುಕ್ಕಿನಿಂದ ಶಾಖ ಹೆಚ್ಚುತ್ತದೆ. ಎಂಜಿನ್ ಅದುರಿದಂತೆ ಈ ಪ್ರತಿರೋಧ ಹೆಚ್ಚುಕಡಿಮೆಯಾಗುವುದೇ ಕಣ್ಣಿಗೆ ಮಿಣುಕಾಗಿ ಕಾಣುತ್ತದೆ.

ಇಂಥ ದೋಷವನ್ನು ಓಮ್ ಅಳತೆಯಲ್ಲಿ ಹಿಡಿಯಲಾಗದು. ಅಗ್ಗದ ಮೀಟರಿನ ತಂತಿಗಳಿಗೇ ಅಷ್ಟು ಪ್ರತಿರೋಧವಿರುತ್ತದೆ. ಅಲ್ಲದೆ ಒಂದೇ ಎಳೆ ಉಳಿದ ಕೇಬಲ್ ಕೂಡ ಮೀಟರಿನ ಅತ್ಯಲ್ಪ ವಿದ್ಯುತ್ತಿಗೆ ಸರಾಗವಾಗಿ ದಾರಿ ಕೊಡುತ್ತದೆ. ಆದ್ದರಿಂದ ದೀಪ ಉರಿಯುತ್ತಿರುವಾಗಲೇ ಅಳೆಯಬೇಕು. ಮೀಟರನ್ನು 20 ವೋಲ್ಟ್ ಡಿ.ಸಿ.ಗೆ ಇಟ್ಟು ಕೆಂಪು ಮೊನೆಯನ್ನು ಬಲ್ಬಿನ ಅರ್ಥ್ ಕಡ್ಡಿಗೂ ಕಪ್ಪನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ತಾಗಿಸಬೇಕು. 0.2 ವೋಲ್ಟಿನೊಳಗಿದ್ದರೆ ಅರ್ಥ್ ಸರಿಯಿದೆ. ಅರ್ಧ ವೋಲ್ಟ್ ದಾಟಿದರೆ ಕಳ್ಳ ಸಿಕ್ಕಂತೆ. ತಂತಿಯನ್ನು ಅಲ್ಲಲ್ಲಿ ಅಲುಗಿಸುತ್ತ ಅಂಕಿ ಎಲ್ಲಿ ಜಿಗಿಯುವುದೋ ನೋಡಿದರೆ ಜಾಗವೂ ಗೊತ್ತಾಗುತ್ತದೆ. ಪಾಸಿಟಿವ್ ಹಾದಿಯನ್ನೂ ಹೀಗೆಯೇ ಬ್ಯಾಟರಿಯಿಂದ ಬಲ್ಬಿನವರೆಗೆ ಅಳೆಯಬಹುದು.

ದುರಸ್ತಿ ಸರಳ. ಬ್ಯಾಟರಿಯ ನೆಗೆಟಿವ್ ಕಳಚಿ, ಅರ್ಥ್ ಬೋಲ್ಟ್ ಬಿಚ್ಚಿ, ತಗಡನ್ನೂ ತಂತಿಯ ಕಿವಿಯನ್ನೂ ಉಪ್ಪುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಬೇಕು. ತಂತಿಯೇ ಹಾಳಾಗಿದ್ದರೆ 2.5 ಚದರ ಮಿ.ಮೀ.ನ ಹೊಸ ತಂತಿ ಸಾಕು. ನೆಗೆಟಿವ್ ಕಂಬದ ಮೇಲೆ ಕರೆಂಟ್ ಸೆನ್ಸರ್ ಇರುವ ಕಾರುಗಳಲ್ಲಿ ಹೊಸ ತಂತಿಯನ್ನು ಕಂಬಕ್ಕಲ್ಲ, ಕಾರಿನ ಬಾಡಿಯ ಲೋಹಕ್ಕೆ ಬಿಗಿಯುವುದೇ ಸರಿ. ಕರಾವಳಿಯ ಕಾರುಗಳಲ್ಲಿ ಉಪ್ಪುಗಾಳಿ ಮತ್ತು ಮಳೆಗಾಲದ ತೇವದಿಂದ ಈ ಕೂಡಿಕೆಗಳು ಬೇಗ ಕೆಡುತ್ತವೆ. ಕಂದುಬಣ್ಣಕ್ಕೆ ತಿರುಗಿದ, ಕರಗಿದ ಹೋಲ್ಡರನ್ನು ಉಜ್ಜಿ ಉಳಿಸಲು ಹೋಗಬಾರದು, ಬದಲಿಸಬೇಕು. ಮೂಲ ವೈರಿಂಗ್‌ಗೆ 100/90 ವಾಟಿನ ಬಲ್ಬ್ ಹಾಕುವುದು ಹೋಲ್ಡರ್ ಕರಗಲು ಮುಖ್ಯ ಕಾರಣಗಳಲ್ಲೊಂದು.

ಚಾರ್ಜಿಂಗ್ ದೋಷ

ಎಂಜಿನ್ ನಿಂತಿರುವಾಗ ಪೂರ್ಣ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ; ಓಡುತ್ತಿರುವಾಗ ಸಾಮಾನ್ಯವಾಗಿ 13.8ರಿಂದ 14.5. ವೇಗದೊಂದಿಗೆ ಈ ಅಂಕಿ ಕುಣಿದರೆ ಸಡಿಲ ಬೆಲ್ಟ್, ಸವೆದ ಕಾರ್ಬನ್ ಬ್ರಷ್ ಅಥವಾ ರೆಗ್ಯುಲೇಟರ್ ಕಾರಣವಿರಬಹುದು. ಹೊಸ ಕಾರುಗಳಲ್ಲಿ ಕಂಪ್ಯೂಟರೇ ವೋಲ್ಟೇಜ್ ಬದಲಿಸುವುದುಂಟು. ಅಲ್ಲಿ ಈ ಅಂಕಿಗಳನ್ನು ಕಟ್ಟುನಿಟ್ಟಾಗಿ ಹಿಡಿಯಬಾರದು.

ಎಲ್‌ಇಡಿ ಮತ್ತು ಜೆನಾನ್

ಹ್ಯಾಲೊಜನ್ ತಂತು ಆರಲು ತುಸು ಹೊತ್ತು ಬೇಕು; ಎಲ್‌ಇಡಿಗೆ ಬೇಡ. ಹಲವು ಕಾರುಗಳು ಬಲ್ಬ್ ಸರಿಯಿದೆಯೇ ಎಂದು ತಿಳಿಯಲು ಅಥವಾ ಬೆಳಕು ನಿಯಂತ್ರಿಸಲು ವಿದ್ಯುತ್ತನ್ನು ತುಂಡುತುಂಡಾಗಿ ಕಳಿಸುತ್ತವೆ. ಹ್ಯಾಲೊಜನ್ ಜಾಗಕ್ಕೆ ಹಾಕಿದ ಎಲ್‌ಇಡಿ ಬಲ್ಬ್ ಅದನ್ನೇ ಮಿಣುಕಾಗಿ ತೋರಿಸುತ್ತದೆ. ಈ ತುಂಡು ವಿದ್ಯುತ್ತನ್ನು ಸಮನಾಗಿಸುವ ಡಿಕೋಡರ್ ಜೋಡಿಸಿದರೆ ಮಿಣುಕು ನಿಲ್ಲಬಹುದು. ಹ್ಯಾಲೊಜನ್‌ಗೆ ಮರಳುವುದು ಹೆಚ್ಚು ಖಚಿತ ಪರಿಹಾರ. ಎಲ್‌ಇಡಿ ದೀಪ ಮೊಬೈಲ್ ವಿಡಿಯೋದಲ್ಲಷ್ಟೇ ಮಿಣುಕಿದರೆ ಅದು ದೋಷವಲ್ಲ. ಜೆನಾನ್ ದೀಪ ಹೊತ್ತುವಾಗ ಅದಕ್ಕೆ ವಿದ್ಯುತ್ ಒದಗಿಸುವ ಬ್ಯಾಲಾಸ್ಟ್ 20,000 ವೋಲ್ಟಿಗೂ ಹೆಚ್ಚು ಉತ್ಪಾದಿಸುತ್ತದೆ. ಅದನ್ನು ಮನೆಯಲ್ಲಿ ಬಿಚ್ಚಬಾರದು.